ನಡುವಿನ ಹುಲ್ಲು

ಶಹಾಬಾದಿನ ಫರ್ಸಿ ಲಾರಿಗೆ ಹೇರೋವಾಗ
ಕಲ್ಲಿಗೆ ಕಲ್ಲು ತಾಗಬಾರದು ಅಂತ
ನಡುವ ಒಂದೊಂದು ಹಿಡಿ ಹುಲ್ಲು ಇಡತೀವಿ.
ಹುಲ್ಲು ಒಣಗಿ ಹುಡಿಯಾದ್ರ
ಜೇವರ್ಗಿ ದಾಟೋದ್ರಾಗ ಚಟ್ ಅಂತದ ಒಂದು,
ಯಾವುದು ಅಂತ ಇಳಿಸೋತನಕ ತಿಳಿಯಂಗಿಲ್ಲ.

ಕಲಬುರಗಿಯ ತಣ್ಣನೆ ಖೋಲ್ಯಾಗ
ಡಾಕ್ಟರು ನನ್ನ ಬೆನ್ನಿನ ಫೋಟೊ ಬೆಳಕಿಗೆ ಹಚ್ಚಿ
ಪೆನ್ನಿನ ಮೂತಿಲೆ ತೋರಿಸಿದ್ರು:
"ಇಲ್ಲಿ ಮೆತ್ತಗ ಇರಬೇಕಿತ್ತು. ಕರ್ರಗಾಗ್ಯದ. ನೀರು ಆರ್ಯದ."
ನಾಲ್ಕನೇದು. ಐದನೇದು.
ಹುಲ್ಲು ಹೋಗ್ಯದ ಅನ್ರಿ, ಅಂದೆ.
ಅವರಿಗೆ ತಿಳೀಲಿಲ್ಲ.

"ವಯಸ್ಸೆಷ್ಟು?"
ಐವತ್ತೊಂದು ಇರಬೇಕು.
"ವಯಸ್ಸಾದ್ರ ಎಲ್ಲರದೂ ಸವೀತದ. ನಿಮ್ಮದು ಅವಸರ ಮಾಡ್ಯದ."
ಅವಸರ ಅದಕ್ಕಿರಲಿಲ್ಲರಿ, ಮುಕಾದಮಗ ಇತ್ತು:
ಕತ್ತಲಾಗೋದ್ರಾಗ ಎರಡು ಲಾರಿ.

ಖಾಜಾಲಾಲ ಹೇಳತಿದ್ದ, ನಾ ಇನ್ನೂ ಹುಡುಗ ಆಗ:
ಮೊಣಕಾಲು ಬಗ್ಗಿಸು, ನಡ ಬಗ್ಗಿಸಬ್ಯಾಡ,
ಕಲ್ಲನ್ನ ಕೂಸಿನಂಗ ಎದಿಗೆ ಹಚ್ಚಿಕೋ.
ನಕ್ಕಿದ್ದೆ. ಬಾಯಾಗ ಬೀಡಿ.
ಬೀಡಿ ನಡಾನೂ ತಿಂತದ ಅಂತ ಇವತ್ತು ತಿಳೀತು;
ಎದಿ ತಿಂತದ ಅನ್ನೋದು ಗೊತ್ತಿತ್ತು,
ಅದಕ್ಕ ಒಪ್ಪಿಕೊಂಡಿದ್ದೆ.

ಡಾಕ್ಟರು ಚೀಟಿ ಬರದ್ರು,
ಕುತ್ತಿಗಿ ಮೇಜಿನ ಮ್ಯಾಲ ಕಳಚಿ ಇಟ್ಟವರಂಗ ಬಗ್ಗಿ.
ಏಳೋವಾಗ ಕುರ್ಚಿ ಕೈ ಹಿಡಿದು
"ಯಪ್ಪಾ" ಅಂದ್ರು, ಮೆಲ್ಲಕ.
ಅಂಗಿ ತೆಳಗ ಪಟ್ಟಾ ಕಂಡಿತು.
ನಾ ಗ್ವಾಡಿ ನೋಡಿದೆ.

ನಮ್ಮ ಮನಿ ಬಾಗಿಲ ಪಟ್ಟಿ ತಗ್ಗು.
ಮೊದಲ ಮುಂಜಾನೆ ಹೋಗೋವಾಗ ತಲಿ ಬಡೀತಿತ್ತು,
ಸಂಜೀಕ ಬರೋವಾಗ ಬಡೀತಿರಲಿಲ್ಲ.
ಸಂಜೀಕ ನಿನ್ನ ಸೊಕ್ಕು ಇಳಿದಿರತದ,
ಅಂತಿದ್ದಳು ಗುಂಡಮ್ಮ.
ಸೊಕ್ಕಲ್ಲ ಅಂತ.
ರಾತ್ರಿ ಮಲಗಿದಾಗ ಹುಲ್ಲು ನೀರು ಕುಡಿದು ಉಬ್ಬತದ,
ಹಗಲೆಲ್ಲ ಹೊರೆ ಅದನ್ನ ಹಿಂಡತದ.
ಬೆರಳಿನಗಲ ಎತ್ತರ ದಿನಾ ಹೋಗಿ ದಿನಾ ಬರತಿತ್ತು.
ಈಗ ಮುಂಜಾನೆನೂ ಬಡಿಯಂಗಿಲ್ಲ.
ಪಟ್ಟಿ ಅಲ್ಲೇ ಅದ.

ಚೀಟಿಯೊಳಗ ಗುಳಿಗಿ ಕಮ್ಮಿ, ಕಸರತ್ತು ಹೆಚ್ಚು:
ನೆಲಕ್ಕ ಬೆನ್ನು ಹಚ್ಚು,
ಮೊಣಕಾಲು ಎದಿಗೆ ತಗೋ, ಹತ್ತು ಎಣಿಸು.
ಮಲಗಿದೆ. ತೆಳಗ ಫರ್ಸಿ,
ಒಡೆದದ್ದು ಅಂತ ಮಾಲಕ ಪುಕಟ ಕೊಟ್ಟಿದ್ದು.
ಐದರತನಕ ಎಣಿಸಿದೆ, ಥಂಡಿ ಎಲುವಿಗೆ ಇಳೀತು.

ಗುಂಡಮ್ಮ ಒಲಿ ಬಿಟ್ಟು ಬಂದಳು.
ಏಳು ಅಂದಳು, ನಾ ಅರ್ಧ ಎದ್ದೆ;
ಕಲ್ಲಿಗೂ ನನಗೂ ನಡುವ
ಹಳೇ ಕೌದಿ ಒಂದು ತುರುಕಿದಳು.

ನಾಳಿ ಲಾರಿ ಅದ ಏನು?
ಕೇಳಿದಳು, ಒಲಿ ಕಡಿ ಹೋಗುತಲೇ.

ಆರು, ಅಂದೆ. ಏಳು.