ಮಣ್ಣಿನ ಬಿರಡೆ

ಮೈದನಹಳ್ಳಿ ಬಯಲಿಗೆ ಹಗಲು ಬಂದವರು
ಜಿಂಕೆಯ ನೆಗೆತವನ್ನು ಕ್ಯಾಮೆರಾಕ್ಕೆ ತುಂಬಿಕೊಂಡು
ಕತ್ತಲಾಗುವ ಮುಂಚೆ ಮಧುಗಿರಿ ರಸ್ತೆ ಹಿಡಿಯುತ್ತಾರೆ.
ನನ್ನ ಪಾಳಿ ಆಗ ಶುರು.

ಕರಡದ ಹುಲ್ಲಿನೊಳಗೆ ನೆಗೆಯುವವಳು ಇನ್ನೊಬ್ಬಳಿದ್ದಾಳೆ.
ಬಿಲ್ಲಿಲಿ.
ಮೈಗೆ ಜಿಂಕೆಯದೇ ಬಣ್ಣ, ಹೊಟ್ಟೆಗೆ ಸುಣ್ಣ,
ಉದ್ದ ಬಾಲ, ತುದಿಯಲ್ಲಿ ಕರೀ ಕುಚ್ಚು.
ಗಾಳಿಯಲ್ಲೇ ತಿರುಗಬೇಕಾದಾಗ ಅದೇ ಚುಕ್ಕಾಣಿ.
ಗೂಬೆಯ ನೆರಳು ಬೀಳುವ ಜಾಗದಲ್ಲಿ
ಬೀಳುವ ಹೊತ್ತಿಗೆ ಅವಳಿರುವುದಿಲ್ಲ.

ನೀರು ಕುಡಿದದ್ದನ್ನು ನಾನಂತೂ ಕಂಡಿಲ್ಲ.
ಹುಲ್ಲಿನ ಗೆಡ್ಡೆ, ಬೇರಿನ ತೇವ ಸಾಕಂತೆ.
ನಮ್ಮ ಕ್ವಾರ್ಟರ್ಸಿನ ಬೋರು
ಸಾವಿರದ ಇನ್ನೂರು ಅಡಿಗೂ ಬರೀ ಬೂದಿ ಕೆಮ್ಮಿತು.

ಅಜ್ಜಿ ಓಬಳಕ್ಕ ಕೆರೆ ಏರಿಗೆ ಮಣ್ಣು ಹೊತ್ತವಳು.
ಗುದ್ದಲಿ ಎತ್ತುವ ಮುಂಚೆ ಹೇಳುತ್ತಿದ್ದಳು:
‘ಬಾಯಿ ತೆರೆದ ಬಿಲ ಪಾಳು ಮನೆ ಕಣೋ.
ಮುಚ್ಚಿದ್ದರೆ ಬಾಣಂತಿ ಇದ್ದಾಳೆ, ಪಕ್ಕಕ್ಕೆ ಅಗಿ.’
ಬೆಳಕು ಹರಿಯುವಷ್ಟರಲ್ಲಿ ಅದು ಒಳಗಿಂದಲೇ
ಮಣ್ಣು ಒದ್ದು ಬಿರಡೆ ಹಾಕಿಕೊಳ್ಳುತ್ತದೆ.
ಹಾವು ನುಗ್ಗಿದರೆ ಇನ್ನೊಂದು ದಾರಿಯುಂಟು:
ನೆಲದ ಚರ್ಮಕ್ಕೆ ಬೆರಳಗಲ ಬಾಕಿ ಉಳಿಸಿ ಕೊರೆದದ್ದು,
ತಲೆಯಿಂದ ಗುದ್ದಿದರೆ ಆಕಾಶ.

ಮೊನ್ನೆ ಎಣಿಕೆಗೆ ಬಂದಿದ್ದ ಹುಡುಗಿ, ಶಿರಾದ ಶಮೀಮ್,
ತಗಡಿನ ಡಬ್ಬಿಯೊಳಗೆ ಕಡಲೆಬೀಜದ ಉಂಡೆ ಇಟ್ಟಿದ್ದಳು.
ಬೆಳಗಿನ ನಾಲ್ಕಕ್ಕೆ ಒಂದು ಸಿಕ್ಕಿತು.
ಬಟ್ಟೆಚೀಲದಲ್ಲಿ ತೂಗಿದಳು: ನೂರ ಹದಿನೆಂಟು ಗ್ರಾಂ.
ಹೊಟ್ಟೆಯ ಕೂದಲು ಉಫ್ ಎಂದು ಊದಿ ನೋಡಿ
‘ಹಾಲಿದೆ, ಬೇಗ ಬಿಡೋಣ’ ಅಂದಳು.
ಬಿಟ್ಟೆವು. ಒಂದು ಗಳಿಗೆ ಕೂತಿತು. ಕಣ್ಣೇ ಅರ್ಧ ಮುಖ.
ಆಮೇಲೆ ಎರಡು ಮಾರು ದೂರ ಹುಲ್ಲು ಅಲುಗಿತು, ಅಷ್ಟೇ,
ನಡುವಿನದನ್ನು ನಾವಿಬ್ಬರೂ ನೋಡಲಿಲ್ಲ.

ತಂತಿಬೇಲಿಯ ಆಚೆ ಗೋಮಾಳ. ಅಲ್ಲೂ ಅದೇ ಹುಲ್ಲು.
ಪಹಣಿಯಲ್ಲಿ ಮಾತ್ರ ‘ಖರಾಬು’.
ಸಸಿ ನೆಡುವ ಟ್ರೆಂಚಿಗೆ ಗೂಟ ಹೊಡೆದಿದ್ದಾರೆ.
ಅಳೆಯುವಾತ ಹಗಲಲ್ಲಿ ಬಂದ,
ಬಾಗಿಲೆಲ್ಲ ಹಾಕಿದ್ದವು,
ಯಾರೂ ಇಲ್ಲ ಅಂತ ಬರೆದುಕೊಂಡು ಹೋದ.

ನಿನ್ನೆ ರಾತ್ರಿ ಟಾರ್ಚು ಆರಿಸಿ ಅಲ್ಲಿ ಕೂತಿದ್ದೆ.
ಚಪ್ಪಲಿ ಬಿಟ್ಟರೆ ಅಂಗಾಲಿಗೆ ತಿಳಿಯುತ್ತದೆ
ಡುಬ್ ಡುಬ್ ಡುಬ್, ಒಳಗೆ ಹಿಂಗಾಲು ಕುಟ್ಟುವುದು.
ನನ್ನ ಹೆಜ್ಜೆಯ ಸುದ್ದಿಯನ್ನೇ ಮನೆಮನೆಗೆ ಮುಟ್ಟಿಸುತ್ತಿತ್ತೇನೋ.
ನಾಲ್ಕು ಗೂಟ ಕಿತ್ತು ಬಂಡೆಯ ಕಡೆ ನೆಟ್ಟು ಬಂದೆ.
ಬೆಳಿಗ್ಗೆ ಹೋಗಿ ನೋಡಿದರೆ
ಗೂಟ ಕಿತ್ತ ಒಂದು ಗುಂಡಿಗೆ
ಒಳಗಿಂದ ಹಸಿ ಮಣ್ಣು.