ಹನ್ನೊಂದು

ಯುವಾಸ್ಕ್ಯುಲಾ, ಜನವರಿ. ಸರೋವರದ ಮೇಲೆ
ಲಾರಿ ಓಡಿಸಬಹುದು, ಅಷ್ಟು ಗಟ್ಟಿ.
ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ;
ಒಳಗೆ ದ್ರವ ಸಾರಜನಕ ಕುಡಿದು ಕೂತ
ಜರ್ಮೇನಿಯಮ್ ಹರಳುಗಳಿಗೆ
ಅದೂ ಬೇಸಗೆಯೇ.

ರಾತ್ರಿ ಪಾಳಿ ರೌಹಾಳದು. ಜೊತೆಗೆ ತಾಪಿಯೊ,
ಪಾಳಿಗೊಂದೇ ಮಾತಾಡುವ ಹುಡುಗ.
ಈ ಪಾಳಿಯದು ಆಗಲೇ ಖರ್ಚು: "ಕಾಫಿ?"

ಗೋಡೆಯಾಚೆ ಸೈಕ್ಲೋಟ್ರಾನ್ ಗುಂಯ್‌ಗುಡುತ್ತದೆ.
ತೆಳು ತಗಡಿಗೆ ಅಯಾನು ಬಡಿದು, ಎರಡು ಬೀಜ ಬೆಸೆದು
ಹುಟ್ಟುತ್ತದೆ ಒಂದು, ಹೊರಲಾರದಷ್ಟು ಪ್ರೋಟಾನು ಹೊತ್ತು.
ಒಂದೇ ಕೋಣೆಯಲ್ಲಿ ಮುಖ ನೋಡದ ದಾಯಾದಿಗಳು;
ನಡುವೆ ಕೂತು ರಾಜಿ ಮಾಡಿಸಲು
ನ್ಯೂಟ್ರಾನು ಸಾಲದು.

ಹುಟ್ಟಿದ್ದೇ ಗಿರ್ರನೆ ತಿರುಗಿ, ಮೈ ಕೊಡವಿ,
ಒಂದು ಗಾಮಾ, ಇನ್ನೊಂದು. ಅದೇ ಅದರ ಅಳು.
ಆದರೆ ಅದೇ ಗಳಿಗೆ, ಅದೇ ಕೋಣೆಯಲ್ಲಿ
ಲಕ್ಷ ಬೇರೆ ಕೂಸುಗಳ ಗದ್ದಲ.
ಯಾವ ಅಳು ಯಾರದು?

ಅದಕ್ಕೇ ಕಾಯುತ್ತಾರೆ.
ಅಯಸ್ಕಾಂತಗಳ ಸಂದಿಯಲ್ಲಿ ಬಳುಕಿ ಹಾರಿ
ಸಿಲಿಕಾನಿನಲ್ಲಿ ಹುದುಗಿ,
ಎವೆಯಿಕ್ಕುವುದರ ಸಾವಿರದಲ್ಲೊಂದು ಪಾಲು ಬದುಕಿ
ಒಂದು ಪ್ರೋಟಾನು ಉಗುಳಿ
ಅದು ಅದಲ್ಲದಾಗುವವರೆಗೆ.
ಉಗುಳಿನ ಕಸುವೇ ಗುರುತು. ಅಲ್ಲಿಂದ ಹೊತ್ತನ್ನು
ಹಿಂದಕ್ಕೆ ಸುತ್ತಿ, ಅಳು ಹುಡುಕುತ್ತಾರೆ.
ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ;
ಇಲ್ಲಿ ಸುಟ್ಟ ಮೇಲೆಯೇ ಹುಟ್ಟು ತಿಳಿಯುವುದು.

ರೌಹಾಳ ದೊಡ್ಡಮ್ಮ ಲೆಂಪಿ ವೀತಸಾರಿಯ ಸೂಲಗಿತ್ತಿ.
ಪಾದ್ರಿಯ ಜಾರುಬಂಡಿ ಬರುವಷ್ಟು ಹೊತ್ತು ತಡೆಯದ ಕೂಸಿಗೆ
ತಾನೇ ಕಾಫಿ ಬಟ್ಟಲಿನಿಂದ ನೀರು ಚಿಮುಕಿಸಿ
ಹೆಸರಿಡುತ್ತಿದ್ದಳು. ಅವಳ ನೋಟುಬುಕ್ಕಿನಲ್ಲಿ
ಹುಟ್ಟಿದ ಗಳಿಗೆ ಎಷ್ಟೋ ಕಡೆ ಖಾಲಿ
(ಆಗ ಕೈ ಬಿಡುವಿರಲಿಲ್ಲ)
ಹೋದ ಗಳಿಗೆ ನಿಮಿಷ ಸಮೇತ.
ಏನು ಹೆಸರಿಡುತ್ತಿದ್ದೆ, ಎಂದು ಒಮ್ಮೆ ಕೇಳಿದ್ದಳು ರೌಹಾ.
"ಬಾಯಿಗೆ ಬಂದದ್ದು. ಒಂದಕ್ಕೆ ನನ್ನದೇ."

ಆರನೇ ದಿನ, ಬೆಳಗಿನ ಜಾವ.
ಖಾಲಿ ಪರದೆಯಲ್ಲಿ, ನಾನೂರ ಹದಿಮೂರರ ಆಸುಪಾಸು
ಹನ್ನೊಂದು ಎಣಿಕೆ.
ಗುಡ್ಡವಲ್ಲ, ದಿಬ್ಬವಲ್ಲ; ಮೇಜಿನ ಮೇಲೆ ಯಾರೋ
ಗುಡಿಸದೆ ಬಿಟ್ಟ ರೈ ರೊಟ್ಟಿಯ ಪುಡಿಯಂತೆ.

ತಾಪಿಯೊ ನಾಳೆಯ ಮಾತನ್ನೂ ಖರ್ಚು ಮಾಡುತ್ತಾನೆ:
"ನಿಜವಾ?"

ರೌಹಾ ಹೇಳುವುದಿಲ್ಲ.
ದಾಖಲೆ ಪುಸ್ತಕದಲ್ಲಿ ಹೊತ್ತು ಬರೆಯುತ್ತಾಳೆ,
ನಾಲ್ಕು ಗಂಟೆ ಏಳು ನಿಮಿಷ.
ಏಳನೇ ಹರಳಿಗೆ ಸಾರಜನಕ ಇಳಿದಿದೆ;
ದಪ್ಪ ಕೈಗವಸು ಹುಡುಕುತ್ತಾಳೆ,
ಒಂದು ಸಿಕ್ಕಿದೆ.