ಒತ್ತಕ್ಷರ

ವಾಸ್ಕೋದಾಗ ಮಂಗೋರ ಹಿಲ್ಲಿನ ಇಳುಕಲಿಗೆ ನನ್ನ ಅಂಗಡಿ,
ಆರು ಫೂಟು ಅಗಲ. ಝೆರಾಕ್ಸ್ ಮಶೀನು, ಕಂಪ್ಯೂಟರು,
ಫೋಟೋ ತೆಗಿಯಾಕ ಒಂದು ನೀಲಿ ಪರದಿ,
ಪರದಿಗೊಂದು ಹರಕ.
ಸೋಮವಾರ ಮುಂಜಾನೆ ಕಂಪ್ಯೂಟರಿನ ಪರದಿನೂ ನೀಲಿ ಆತು.
ಅದರಾಗ ಬಿಳಿ ಅಕ್ಷರದ ಒಂದು ಅಳುಮಾರಿ,
ಕೆಳಗ ಪರ್ಸೆಂಟೇಜು,
ಇಪ್ಪತ್ತಕ್ಕ ನಿಂತದ್ದು ನಿಂತೇ ಹೋತು.

ಬೆಲಾರ್ಮಿನ್ ಬಂದ. ಬಾಯಾಗ ಪಾವು, ಬೆರಳಿಗೆ ಪೆನ್‌ಡ್ರೈವು.
"ಭಿಯೆನಾಕಾ ಬಾಯ್" ಅಂದ.
ಅಂಜಬ್ಯಾಡ ಅನ್ನಾವರು ಬಂದ ಮ್ಯಾಲೆನ
ಅಂಜಿಕಿ ಬರ್ತೈತಿ ನನಗ.

"ಸಾಮಾನೆಲ್ಲಾ ಎಲ್ಲಿಟ್ಟೀರಿ?"
"ಟೇಬಲ್ ಮ್ಯಾಲೆ."
ಅಂವ ಟೇಬಲ್ಲು ನೋಡಿದ. ಸ್ಟೇಪ್ಲರು, ಗೋಂದು,
ಯಾರೋ ಮರೆತುಹೋದ ಚಾಳೀಸು.
"ಇದಲ್ಲೋ ಮಾರಾಯಾ, ಅದರೊಳಗಿನ ಟೇಬಲ್ಲು.
ಕುಂತಲ್ಲೇ ಕೈಗೆ ಸಿಗಲಿ ಅಂತ."
ತಲಿ ಬಡಕೊಂಡ. ಎಲ್ಲಾ ಡಿ ಒಳಗಿಡಬೇಕಿತ್ತಂತ,
ಸಿ ಅಂದ್ರ ಬಾಡಿಗಿ ಮನಿ ಇದ್ದಂಗಂತ,
ಯಾವಾಗ ಖಾಲಿ ಮಾಡು ಅಂತಾರೋ ಹೇಳಾಕ ಬರೂದಿಲ್ಲಂತ.
ಬೈನಾದಾಗ ಮೂರು ಖೋಲಿ ಬದಲಿಸಿದಾಕಿ ನಾನು,
ಇಷ್ಟರ ತಿಳೀಬೇಕಿತ್ತು.

"ಹಾಳಾಗಬಾರದ್ದು, ಸ್ವಂತದ್ದು, ಏನೇನೈತಿ?"

ಲೆಕ್ಕ ಹಾಕಿದೆ.
ಹುಸೇನಬಿ ನದಾಫಳ ರೇಶನ್ ಅರ್ಜಿ.
ಬಾರ್ಜಿನ ಮ್ಯಾಲೆ ದುಡಿಯೂ ಸಂಗಯ್ಯನ ತಕರಾರು,
ಹೆಬ್ಬೆಟ್ಟು ಸವದೈತಿ, ಮಶೀನಿಗೆ ಹತ್ತೂದಿಲ್ಲ ಅಂತ
ನನ್ನ ಕೈಲೆ ಮೂರು ಸಲ ಬರಸಿದ್ದು.
ಪಾಸ್‌ಪೋರ್ಟ್ ಸೈಜಿನ ನಾನೂರು ಮಾರಿ,
ಎಲ್ಲಾರೂ ಅದ ಹರಕ ಪರದಿ ಬೆನ್ನಿಗಿಟ್ಕೊಂಡು,
ಎಲ್ಲಾರೂ ಉಸಿರು ಬಿಗಿ ಹಿಡಕೊಂಡು.
ನನ್ನದು ಅಂತ ಒಂದು ಲೈಟ್ ಬಿಲ್ಲು.

"ಎಲ್ಲಾ ನಂದ" ಅಂದೆ.

ಫಾರ್ಮ್ಯಾಟ್ ಅನ್ನೂ ಗುಂಡಿ ತನಕ ಬಾಣ ಹೋತು,
ತಟಗು ನಿಂತು,
ಬಾಜೂಕ ಸರೀತು.
ಆಮ್ಯಾಲೆ ನಾ ಚಾ ಹೇಳಿದ್ದು.

ಊಟದ ಹೊತ್ತಿಗೆ ಎಲ್ಲಾ ತಿರುಗಿ ಬಂದು ಕುಂತಿತ್ತು.
ಎಣಿಸಿದೆ, ನಾನೂರೂ ಮಾರಿ.
ಗುರುನಾಥಪ್ಪ ಬಡಿಗೇರನ ಮೊಮ್ಮಗಳ ತೊಟ್ಟಿಲ ಕಾರ್ಡು ತೆಗೆದೆ,
ಸಂಜಿಗೆ ಪ್ರಿಂಟ್ ಕೊಡಬೇಕು,
ಕೂಸಿಗೆ ಮುತ್ತಜ್ಜಿ ಚಿನ್ನವ್ವನ ಹೆಸರಿಟ್ಟಾರ.
ತೆಗೆದ್ರ,
ಇಂಗ್ಲಿಷ್ ಎ ತಲಿಮ್ಯಾಲೆ ಸೊಟ್ಟ ಗೀಟು,
ಪೌಂಡಿನ ಗುರುತು, ಹೊಟ್ಟಿ ಎರಡಾಗಿ ಬಿದ್ದ ಬಿ,
ಸಂತಿಯಾಗ ಗದ್ದಲ ಆದಂಗ ಒಂದರ ಮ್ಯಾಲೊಂದು.
ಕಾರ್ಡು ಐತಿ, ಚಿನ್ನವ್ವ ಇಲ್ಲ.
"ಪಳೆ, ಸಗ್ಳೆಂ ಆಸಾ" ಅಂದ ಬೆಲಾರ್ಮಿನ್, ಎಲ್ಲಾ ಐತಲ್ಲ ಅಂತ.
ಅವನಿಗೆ ನನ್ನ ಕನ್ನಡ
ನಿನ್ನೆನೂ ಹಿಂಗ ಕಾಣಿಸಿತ್ತು.

ಆ ಫಾಂಟು ಹುಬ್ಬಳ್ಳಿ ಪ್ರೆಸ್ಸಿನವ ಒಬ್ಬ ಸೀಡಿಯಾಗ ಕೊಟ್ಟಿದ್ದ,
ಹಿಂದಿನ ಕಂಪ್ಯೂಟರಿಗಿಂತ ಹಿಂದಿನ ಕಂಪ್ಯೂಟರಿಗೆ.
ಸೀಡಿ ಈಗ ಅಂಗಡಿ ಮುಂದ ದಾರದಾಗ ತಿರಗತೈತಿ,
ಕಾಗಿ ಕೂಡಬಾರದಂತ.

ಹುಡುಗ ಹುಡುಕಿದ. ಹೊಸದರ ಹೊಟ್ಟ್ಯಾಗ
ಹಳೇದು ಗಂಟು ಕಟ್ಟಿಟ್ಟಂಗ ಇತ್ತು,
ಹೆಸರಿನ ಕೊನಿಗೆ ಓಲ್ಡ್ ಅಂತ ಬರಕೊಂಡು.
ಒಳಗ ಹೋದ, ಇನ್ನೂ ಒಳಗ ಹೋದ,
ಇನ್ನೂರು ಇಂಗ್ಲಿಷಿನ ನಡುವ ಒಂದು ನಂದು,
ಒಂದು ಫೋಟೋದಷ್ಟೂ ತೂಕಿಲ್ಲ.
ಎತ್ತಿ ಈ ಕಡಿಗಿಟ್ಟ.
ಕಾರ್ಡು ಒಮ್ಮೆ ಮುಚ್ಚಿ ತೆಗೆದೆ.

ಸೊಟ್ಟ ಗೀಟಿನ ಎ ತಲಿಕಟ್ಟು ಆತು,
ಪೌಂಡು ನೆಟ್ಟಗಾಗಿ ನ ಆತು,
ಹೊಟ್ಟಿ ಬಿದ್ದ ಬಿ ಅದರ ಕಾಲಬುಡಕ ಬಂದು ಒತ್ತಾಗಿ ಕುಂತಿತು.
ಚಿನ್ನವ್ವ.
ಎರಡೂ ಒತ್ತು ಸರಿ ಅದಾವಿಲ್ಲೋ, ಮೂಗು ಹಚ್ಚಿ ನೋಡಿದೆ.

"ಹತ್ತು ದಿವಸಕ್ಕ ಆ ಹಳೇದು ತಾನ ಅಳಿಸಿ ಹೋಗ್ತೈತಿ,
ಮತ್ತೇನರ ಬೇಕಾದ್ರ ಅದರೊಳಗ ಹುಡುಕಿ ತಗೋರಿ" ಅಂದು
ಬೆಲಾರ್ಮಿನ್ ರೊಕ್ಕ ಎಣಿಸಿಕೊಂಡ.
ಕ್ಯಾಲೆಂಡರಿನಾಗ ಗುರುತು ಹಾಕೀನಿ.
ಮತ್ತೇನರ ಅಂದ್ರ ಏನು ಅಂತ
ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮುಂಜಾನಿಂದ ಕಟ್ಟಿಮ್ಯಾಲೆ ಕುಂತ ಹುಸೇನಬಿ ಇಣುಕಿದಳು.
"ನಂದು ಐತೇನ?"
"ಐತಿ. ಅರ್ಜಿ, ಆಧಾರ, ಫೋಟೋ, ಒಂದೂ ಹೋಗಿಲ್ಲ."
"ಫೋಟೋನೂ ಉಳೀತಾ?
ಅದೊಂದು ಹೋಗಿದ್ರ ಚಲೋ ಇತ್ತು ನೋಡ.
ಬ್ಯಾರೆ ತಗಿ. ಅದರಾಗ ನಾ ಕಣ್ಣು ಮುಚ್ಚೀನಿ."